ಹೊಲ ಕಾಗಲದಾಗ, ಮನಿ ನಿಪ್ಪಾಣಿಯಾಗ: ಕೇಸು ಬಿದ್ರೆ ಯಾವ ರಾಜ್ಯದ ಕಾಯ್ದೆ ನಡೀತದ?

ನಿಪ್ಪಾಣಿ, ಕಾಗವಾಡ, ಅಥಣಿ, ಖಾನಾಪುರ ಕಡೆ ಒಂದೇ ಮನೆತನದ ಆಸ್ತಿ ಎರಡು ರಾಜ್ಯದಲ್ಲಿ ಹಂಚಿಹೋಗಿರೋದು ಹೊಸದಲ್ಲ. ಅಪ್ಪನ ಹೊಲ ಕಾಗಲ ತಾಲೂಕಿನಲ್ಲಿ, ಮನೆ ನಿಪ್ಪಾಣಿಯಲ್ಲಿ, ಅಕ್ಕನನ್ನ ಕೊಟ್ಟಿದ್ದು ಮಿರಜಿಗೆ, ತಮ್ಮ ದುಡಿಯೋದು ಗೋವಾದಲ್ಲಿ. ಎಲ್ಲಾ ಚೆನ್ನಾಗಿರೋತನಕ ಗಡಿ ಅನ್ನೋದು ಬರೀ ಬೋರ್ಡು. ವಾಟ್ನಿ ಮಾತು ಬಂದ ದಿನ, ಬಾಡಿಗೆದಾರ ಮನೆ ಬಿಡಲ್ಲ ಅಂದ ದಿನ, ಸೊಸೈಟಿಯಲ್ಲಿಟ್ಟ ಠೇವು ಸಿಗದ ದಿನ "ಇದಕ್ಕ ಯಾವ ಕಡೆ ಕಾಯ್ದೆರೀ?" ಅನ್ನೋ ಪ್ರಶ್ನೆ ಬರುತ್ತೆ. ಉತ್ತರ ತಪ್ಪಾಗಿ ಹಿಡಿದವರು ಕಳಕೊಳ್ಳೋದು ಫೀಸು ಮಾತ್ರ ಅಲ್ಲ, ವರ್ಷಗಳನ್ನ.

ಇಲ್ಲಿ ಇರೋದು ಒಂದಲ್ಲ, ಎರಡು ಪ್ರಶ್ನೆ. ಯಾವ ಕೋರ್ಟಿಗೆ ಹೋಗಬೇಕು ಅನ್ನೋದು ಒಂದು. ಆ ಕೋರ್ಟು ಯಾವ ಕಾಯ್ದೆ ಓದಿ ತೀರ್ಪು ಕೊಡಬೇಕು ಅನ್ನೋದು ಇನ್ನೊಂದು. ನಮ್ಮ ಜನ ಇವೆರಡನ್ನೂ ಕೂಡಿಸಿಬಿಡ್ತಾರೆ. ಚಿಕ್ಕೋಡಿ ಕೋರ್ಟಿನಲ್ಲಿ ದಾವೆ ಹಾಕಿದ ಮಾತ್ರಕ್ಕೆ ಕರ್ನಾಟಕದ ಕಾಯ್ದೆನೇ ನಡೆಯುತ್ತೆ ಅಂತಿಲ್ಲ. ವಿಷಯ ಮಹಾರಾಷ್ಟ್ರದ ಜಮೀನಿನದಾದ್ರೆ ಚಿಕ್ಕೋಡಿಯ ಜಡ್ಜ್ ಸಾಹೇಬ್ರೇ ಮಹಾರಾಷ್ಟ್ರದ ಕಾಯ್ದೆ ಪುಸ್ತಕ ತೆಗೀಬೇಕಾಗುತ್ತೆ. ಅದಕ್ಕೆ ಸಾಕ್ಷಿ ಕರೆಸಿ ಸಾಬೀತು ಮಾಡೋ ಅಗತ್ಯ ಇಲ್ಲ. ಭಾರತದಲ್ಲಿ ಜಾರಿಯಲ್ಲಿರೋ ಯಾವುದೇ ಕಾಯ್ದೆಯನ್ನ ಕೋರ್ಟು ತಾನೇ ಗಮನಕ್ಕೆ ತಗೋಬೇಕು ಅಂತ ಭಾರತೀಯ ಸಾಕ್ಷ್ಯ ಅಧಿನಿಯಮದ ಕಲಂ 52 ಹೇಳುತ್ತೆ. ಆದ್ರೂ ಆ ಕಾಯ್ದೆಯ ಪ್ರತಿ ತಂದು ಮುಂದಿಡೋ ಕೆಲಸ ವಕೀಲರದೇ.

ಗಡಿ ವಿವಾದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹಾಕಿದ ದಾವೆ ಏನೇ ಇರಲಿ, ಇವತ್ತು ನಿಪ್ಪಾಣಿಯ ಜಮೀನಿಗೆ ಕರ್ನಾಟಕದ ಕಾಯ್ದೆ, ಕಾಗಲದ ಜಮೀನಿಗೆ ಮಹಾರಾಷ್ಟ್ರದ ಕಾಯ್ದೆ.

ಬಹಳಷ್ಟು ವ್ಯಾಜ್ಯದಲ್ಲಿ ಈ ತಲೆನೋವು ಬರೋದೇ ಇಲ್ಲ. ಅಮೆರಿಕದಲ್ಲಿ ಕರಾರು, ಅಪಘಾತ ಪರಿಹಾರ, ವಾರಸಾ ಎಲ್ಲದಕ್ಕೂ ರಾಜ್ಯಕ್ಕೊಂದು ಕಾಯ್ದೆ, ಹಾಗಾಗಿ ಅಲ್ಲಿ "ಯಾವ ರಾಜ್ಯದ ಕಾಯ್ದೆ" ಅನ್ನೋದೇ ಒಂದು ದೊಡ್ಡ ವಿಷಯ. ನಮ್ಮಲ್ಲಿ ಕರಾರು ಕಾಯ್ದೆ 1872ರದು, ಆಸ್ತಿ ವರ್ಗಾವಣೆ ಕಾಯ್ದೆ 1882ರದು, ಮೋಟಾರು ವಾಹನ ಕಾಯ್ದೆ 1988ರದು, ಎಲ್ಲಾ ಕೇಂದ್ರದ್ದೇ. ಕೈಸಾಲ ತಗೊಂಡು ಕೊಡದಿದ್ರೆ ಕೊಲ್ಹಾಪುರದಲ್ಲೂ ಅದೇ, ಬೆಳಗಾವಿಯಲ್ಲೂ ಅದೇ. ರಾಜ್ಯ ರಾಜ್ಯಕ್ಕೆ ಬೇರೆಯಾಗೋದು ಜಮೀನು, ಬಾಡಿಗೆ, ಸ್ಟ್ಯಾಂಪು, ಅಬಕಾರಿ, ಸಹಕಾರಿ ಸಂಘ, ಲೇವಾದೇವಿ ಇಂಥವು. ಚೋರ್ಲಾ ಘಾಟ್ ದಾಟಿ ಬಂದ ಬಾಟಲಿ ಗೋವಾದ ರಸೀದಿ ಇದ್ರೂ 1965ರ ಕರ್ನಾಟಕ ಅಬಕಾರಿ ಕಾಯ್ದೆಗೇ ತಲೆಬಾಗಬೇಕು. ಅದು ಎಲ್ಲರಿಗೂ ಗೊತ್ತಿರೋದೇ.

ಜಮೀನು ಇದ್ದ ಕಡೆ ಕಾಯ್ದೆ

ಎಲ್ಲಕ್ಕಿಂತ ಗಟ್ಟಿ ನಿಯಮ ಇದು. ಮಾಲೀಕ ಎಲ್ಲೇ ಇರಲಿ, ಕಾಗದ ಎಲ್ಲೇ ಬರೀಲಿ, ಜಮೀನಿಗೆ ಜಮೀನಿರೋ ರಾಜ್ಯದ ಕಾಯ್ದೆ. ಖರೇದಿ ಪತ್ರ ನೋಂದಣಿ ಆಗಬೇಕಾದ್ದೂ ಅಲ್ಲಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ.

ವ್ಯತ್ಯಾಸ ಎಷ್ಟಿದೆ ನೋಡಿ. ಕರ್ನಾಟಕದಲ್ಲಿ 2020ರ ತಿದ್ದುಪಡಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನ ತೆಗೆದುಹಾಕ್ತು. ಈಗ ಬೇಸಾಯಗಾರ ಅಲ್ಲದವರೂ ಇಲ್ಲಿ ಹೊಲ ಕೊಳ್ಳಬಹುದು. ಆಚೆ ಮಹಾರಾಷ್ಟ್ರದ ಕುಳ ಕಾಯ್ದೆಯ ಕಲಂ 63 ಇನ್ನೂ ಇದೆ, ಬೇಸಾಯಗಾರ ಅಲ್ಲದವರಿಗೆ ಸಾಗುವಳಿ ಜಮೀನು ಮಾರಬೇಕಾದ್ರೆ ಅನುಮತಿ ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ನೌಕರ ನಿಪ್ಪಾಣಿಯಲ್ಲಿ ಎರಡು ಎಕರೆ ಕೊಳ್ಳಬಹುದು, ಅಲ್ಲಿಂದ ಬೈಕಿನಲ್ಲಿ ಸ್ವಲ್ಪ ಹೊತ್ತು ಹೋದ್ರೆ ಸಿಗೋ ಕಾಗಲದಲ್ಲಿ ಹಾಗೆ ನೇರವಾಗಿ ಕೊಳ್ಳೋಕಾಗಲ್ಲ.

ಕುಳದ ಹಕ್ಕಿನಲ್ಲೂ ಹಾಗೇ. ಮಹಾರಾಷ್ಟ್ರದಲ್ಲಿ ಉಳುವವನು ಮಾಲೀಕ ಆಗೋ ದಿನ 1957ರ ಏಪ್ರಿಲ್ 1. ಅಲ್ಲಿ ಅದಕ್ಕೆ 'ಕೃಷಿಕ ದಿನ' ಅಂತಾರೆ. ಕರ್ನಾಟಕದಲ್ಲಿ ಗೇಣಿ ಜಮೀನು ಸರ್ಕಾರಕ್ಕೆ ಸೇರಿದ ದಿನ 1974ರ ಮಾರ್ಚ್ 1, ಆಮೇಲೆ ಫಾರ್ಮ್ ನಂಬರ್ 7, ಭೂ ನ್ಯಾಯ ಮಂಡಳಿ. ಒಬ್ಬನೇ ಅಜ್ಜ ಗಡಿಯ ಎರಡೂ ಕಡೆ ಗೇಣಿಗೆ ಹೊಲ ಮಾಡಿದ್ರೆ ಮೊಮ್ಮಕ್ಕಳು ಈ ಕಡೆ ತುಂಡಿಗೆ 1974ರ ಕಾಗದ ಹುಡುಕಬೇಕು, ಆ ಕಡೆ ತುಂಡಿಗೆ 1957ರದು. ನಮ್ಮ ಭೂ ನ್ಯಾಯ ಮಂಡಳಿಯ ಆದೇಶ ಹಿಡಕೊಂಡು ಆಚೆ ತಲಾಠಿ ಹತ್ರ ಹೋದ್ರೆ ಸಾತ್ ಬಾರಾದಲ್ಲಿ ಹೆಸರು ಏರಲ್ಲ.

ಕೋರ್ಟು ಯಾವುದು ಅನ್ನೋದಕ್ಕೆ ಸಿವಿಲ್ ಪ್ರೊಸೀಜರ್ ಕೋಡಿನ ಕಲಂ 16 ಉತ್ತರ ಕೊಡುತ್ತೆ: ಸ್ಥಿರಾಸ್ತಿ ದಾವೆ, ಸ್ಥಿರಾಸ್ತಿ ಇರೋ ಕೋರ್ಟಿನಲ್ಲಿ. ಇದನ್ನ ಹಗುರವಾಗಿ ತಗೊಂಡ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಕೇಸು ಹೇಳಬೇಕು. ಒಬ್ಬರು 1985ರಲ್ಲಿ ದೆಹಲಿಯ ಬಿಲ್ಡರ್ ಕಂಪನಿ ಜೊತೆ ಸೈಟಿಗೆ ಕರಾರು ಮಾಡಿಕೊಂಡ್ರು. ಕಂಪನಿ ಕಚೇರಿ ದೆಹಲಿ, ಹಣ ಕಟ್ಟಿದ್ದು ದೆಹಲಿ, ವ್ಯಾಜ್ಯ ಬಂದ್ರೆ ದೆಹಲಿ ಕೋರ್ಟು ಅಂತ ಕರಾರಿನಲ್ಲೇ ಬರೆದಿತ್ತು. ಸೈಟು ಮಾತ್ರ ಹರಿಯಾಣದ ಗುರಗಾಂವ್‌ನಲ್ಲಿ. 1988ರಲ್ಲಿ ದೆಹಲಿಯಲ್ಲೇ ದಾವೆ ಹಾಕಿದ್ರು. ಕಂಪನಿ ಮೊದಲು ತಕರಾರು ತೆಗೀಲಿಲ್ಲ, ಎಂಟು ವರ್ಷದ ಮೇಲೆ "ಈ ಕೋರ್ಟಿಗೆ ಅಧಿಕಾರ ಇಲ್ಲ" ಅಂತು. 2005ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕಂಪನಿ ಮಾತನ್ನೇ ಒಪ್ಪಿತು. ಸೈಟಿನ ಸ್ವಾಧೀನ ಕೇಳಿದ ಮೇಲೆ ಸೈಟಿರೋ ಊರಿನ ಕೋರ್ಟೇ ಆಗಬೇಕು, ಎರಡೂ ಕಡೆಯವರು ಒಪ್ಪಿದ್ರೂ ಇಲ್ಲದ ಅಧಿಕಾರ ಬರಲ್ಲ ಅಂತ ತೀರ್ಪು. ಹದಿನೇಳು ವರ್ಷ ಆದ ಮೇಲೆ ಆ ಮನುಷ್ಯ ದಾವೆ ಪತ್ರ ವಾಪಸ್ ತಗೊಂಡು ಗುರಗಾಂವ್‌ಗೆ ಹೋಗಬೇಕಾಯ್ತು. ಕರಾರಿನಲ್ಲಿ ಬರೆದಿದ್ದನ್ನ ನಂಬಿದ್ದೇ ತಪ್ಪಾಗಿದ್ದು ಅನ್ಯಾಯ ಅನ್ನಿಸುತ್ತೆ. ಆದ್ರೆ ನಿಯಮ ಇರೋದು ಹಾಗೆ.

ಎರಡೂ ರಾಜ್ಯದಲ್ಲಿ ಜಮೀನಿದ್ರೆ? ವಾಟ್ನಿಗೆ ಎರಡು ದಾವೆ ಹಾಕಬೇಕಾ? ಬೇಕಿಲ್ಲ. ಕಲಂ 17 ಪ್ರಕಾರ ಯಾವುದಾದರೂ ಒಂದು ತುಂಡು ಇರೋ ಕೋರ್ಟಿನಲ್ಲಿ ಎಲ್ಲದಕ್ಕೂ ಸೇರಿ ಒಂದೇ ದಾವೆ ಹಾಕಬಹುದು. ಆದ್ರೆ ಜಗಳದ ಕಾರಣ ಎಲ್ಲಾ ತುಂಡಿಗೂ ಒಂದೇ ಇರಬೇಕು. ಇಂದೋರ್ ಮತ್ತು ಮುಂಬೈ ಎರಡೂ ಕಡೆ ಆಸ್ತಿ ಸೇರಿಸಿ ಇಂದೋರ್‌ನಲ್ಲಿ ಹಾಕಿದ ಒಂದು ದಾವೆಯಲ್ಲಿ 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಬಿಡಿಸಿ ಹೇಳಿತು: ಒಂದೇ ಕಾರಣ ಇದ್ರೆ ಬೇರೆ ಬೇರೆ ಊರಿನ ಆಸ್ತಿ ಒಂದೇ ದಾವೆಯಲ್ಲಿ ಬರಬಹುದು. ಆ ಕೇಸಿನಲ್ಲಿ ಮುಂಬೈ ಆಸ್ತಿಯ ತಕರಾರು ಬೇರೆಯದೇ ಆಗಿತ್ತು, ಅದಕ್ಕೆ ಅದನ್ನ ದಾವೆಯಿಂದ ಕಿತ್ತು ಹಾಕಿದ್ದು ಸರಿ ಅಂತು.

ನಮ್ಮ ಕಡೆಗೆ ಹೊಂದಿಸಿ ಹೇಳೋದಾದ್ರೆ, ಅಪ್ಪ ಬಿಟ್ಟುಹೋದ ನಿಪ್ಪಾಣಿ ಹೊಲ, ಕಾಗಲ ಹೊಲ ಎರಡರಲ್ಲೂ ಪಾಲು ಬೇಕು ಅನ್ನೋದು ಒಂದೇ ಕಾರಣ, ಒಂದೇ ದಾವೆ ಸಾಕು. ಆದ್ರೆ ಕಾಗಲದ ಹೊಲವನ್ನ ಅಣ್ಣ ಆಗಲೇ ಬೇರೆಯವರಿಗೆ ಮಾರಿದ್ದು, ಆ ಖರೇದಿ ರದ್ದಾಗಬೇಕು ಅನ್ನೋದು ಬೇರೆ ಕಾರಣ ಅಂತ ವಾದ ಏಳಬಹುದು. ಆಗ ಆಚೆ ಕೋರ್ಟಿಗೇ ಹೋಗೋದು ಒಳ್ಳೇದು. ಡಿಕ್ರಿ ಆದಮೇಲೂ ಒಂದು ಹೆಜ್ಜೆ ಉಳಿಯುತ್ತೆ: ಕಂದಾಯ ಕಟ್ಟೋ ಜಮೀನನ್ನ ಅಳೆದು ಹಂಚಿ ಕೊಡೋದು ಕಲಂ 54ರ ಪ್ರಕಾರ ಕಂದಾಯ ಅಧಿಕಾರಿಗಳ ಕೆಲಸ. ಕಾಗಲದ ತುಂಡಿಗೆ ಅದು ಕೊಲ್ಹಾಪುರ ಜಿಲ್ಲೆಯವರದು.

ವಾರಸಾ ಬೇರೆ ಲೆಕ್ಕ

ಜಮೀನಿಗೆ ಜಮೀನಿನ ರಾಜ್ಯ ಅಂದ್ವಿ. ಆದ್ರೆ ಸತ್ತವರ ವಾರಸುದಾರರು ಯಾರು, ಯಾರಿಗೆ ಎಷ್ಟು ಪಾಲು ಅನ್ನೋದು ಅವರ ವೈಯಕ್ತಿಕ ಕಾಯ್ದೆ ಮೇಲೆ ಹೋಗುತ್ತೆ. ಹಿಂದೂಗಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ. ಅದು ಕೇಂದ್ರದ್ದು, ಎರಡೂ ಕಡೆ ಒಂದೇ.

ಒಂದೇ ಅಂದ್ರೂ ನಡುವೆ ಹತ್ತು ಹನ್ನೊಂದು ವರ್ಷ ಒಂದೇ ಆಗಿರಲಿಲ್ಲ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಹಕ್ಕು ಕೊಡೋ ತಿದ್ದುಪಡಿಯನ್ನ ಮಹಾರಾಷ್ಟ್ರ 1994ರ ಜೂನ್ 22ಕ್ಕೆ ಜಾರಿ ಮಾಡಿತು, ಕರ್ನಾಟಕ 1994ರ ಜುಲೈ 30ಕ್ಕೆ. ಎರಡೂ ಕಡೆ ಒಂದೇ ಷರತ್ತು: ಜಾರಿಗೆ ಮುಂಚೆ ಮದುವೆಯಾದವರಿಗೆ ಇಲ್ಲ. ಅಂದ್ರೆ ಆ ನಡುವಿನ ಐದು ವಾರದಲ್ಲಿ ಮದುವೆಯಾದ ಹೆಣ್ಣುಮಗಳಿಗೆ ಆಚೆ ಕಾಯ್ದೆ ಓದಿದ್ರೆ ಹಕ್ಕು ಇದೆ, ಈಚೆ ಕಾಯ್ದೆ ಓದಿದ್ರೆ ಇಲ್ಲ. ಲಗ್ನದ ಮುಹೂರ್ತ ನೋಡೋವಾಗ ಇದನ್ನ ಯಾರು ನೋಡಿದ್ರು?

2005ರ ಸೆಪ್ಟೆಂಬರ್ 9ರ ಕೇಂದ್ರ ತಿದ್ದುಪಡಿ ಈ ಭೇದ ತೆಗೀತು. ಮದುವೆ ಯಾವಾಗಾದ್ರೂ ಆಗಿರಲಿ, ಮಗಳಿಗೆ ಮಗನಷ್ಟೇ ಹಕ್ಕು. ಅಪ್ಪ ಆ ದಿನ ಬದುಕಿರಲೇಬೇಕು ಅಂತಿಲ್ಲ ಅನ್ನೋದನ್ನ 2020ರ ಆಗಸ್ಟ್ 11ರ ಸುಪ್ರೀಂ ಕೋರ್ಟ್ ತೀರ್ಪು ಖಚಿತ ಮಾಡಿತು. ಆದ್ರೆ 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿಹೋದ ವಾಟ್ನಿಯನ್ನ ಈ ತಿದ್ದುಪಡಿ ಮುಟ್ಟಲ್ಲ. ಬರೀ ಬಾಯಿಮಾತಿನ ವಾಟ್ನಿ ಅಂದ್ರೆ ಕೋರ್ಟು ಸುಲಭಕ್ಕೆ ನಂಬಲ್ಲ, ಅದನ್ನ ಸರ್ಕಾರಿ ಕಾಗದಗಳಿಂದ ತೋರಿಸಬೇಕು. "ನಿನ್ನ ಮದುವಿ ಮೊದಲೇ ಆಗೇದ, ನಿನಗ ಬರೂದಿಲ್ಲ" ಅಂತ ಇವತ್ತಿಗೂ ಅಕ್ಕತಂಗಿಯರಿಗೆ ಹೇಳಿ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಮಾಡಿಸೋರಿದ್ದಾರೆ. ಅದು 1994ರ ಮಾತು. ಈಗ ನಡೆಯಲ್ಲ, ಗಡಿಯ ಎರಡೂ ಕಡೆ ನಡೆಯಲ್ಲ.

ಗೋವಾ ಮಾತ್ರ ಪೂರ್ತಿ ಬೇರೆ. 1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ್ರೂ ಪೋರ್ಚುಗೀಸರ ಸಿವಿಲ್ ಕೋಡ್ ಅಲ್ಲಿ ಮುಂದುವರೀತು. ಅದರ ಪ್ರಕಾರ ಆಸ್ತಿಯ ಅರ್ಧ ಭಾಗ ಮಕ್ಕಳಿಗೆ ಮೀಸಲು, ಉಳಿದ ಅರ್ಧಕ್ಕೆ ಮಾತ್ರ ವಿಲ್ ಬರೀಬಹುದು. ಮುಂಬೈಯಲ್ಲಿದ್ದ ಗೋವಾದವರೊಬ್ಬರು 1951ರಲ್ಲಿ ಮುಂಬೈಯಲ್ಲೇ ಆಸ್ತಿ ಕೊಂಡು 1957ರಲ್ಲಿ ಅದನ್ನ ಕಿರಿಯ ಮಗಳಿಗೆ ವಿಲ್ ಬರೆದ್ರು, 1967ರಲ್ಲಿ ತೀರಿಕೊಂಡ್ರು. ಜಗಳ ಇದು: ಆಸ್ತಿ ಮುಂಬೈಯಲ್ಲಿದೆ, ಅಲ್ಲಿ ಪೂರ್ತಿ ಆಸ್ತಿಗೂ ವಿಲ್ ಬರೀಬಹುದು. ಹಾಗಾದ್ರೆ ಗೋವಾದ ಅರ್ಧದ ನಿಯಮ ಇಲ್ಲಿಗೆ ಬರುತ್ತಾ?

ಬರುತ್ತೆ ಅಂತು ಸುಪ್ರೀಂ ಕೋರ್ಟು, 2019ರ ಸೆಪ್ಟೆಂಬರ್ 13ರಂದು. ನ್ಯಾಯಮೂರ್ತಿಗಳಾದ ದೀಪಕ್ ಗುಪ್ತಾ ಮತ್ತು ಅನಿರುದ್ಧ ಬೋಸ್ ಅವರ ಪೀಠದ ತೀರ್ಪು. 1962ರಲ್ಲಿ ಸಂಸತ್ತೇ ಮುಂದುವರಿಸಿದ್ದರಿಂದ ಈ ಕೋಡ್ ಈಗ ವಿದೇಶಿ ಕಾಯ್ದೆ ಅಲ್ಲ, ಭಾರತದ ಕಾಯ್ದೆ. ಹಾಗಾಗಿ ಗೋವಾದ ಕಾಯಂ ನಿವಾಸಿಯ ವಾರಸಾ ವಿಷಯದಲ್ಲಿ ಆಸ್ತಿ ಭಾರತದ ಯಾವ ಮೂಲೆಯಲ್ಲಿದ್ರೂ ಅದೇ ಅನ್ವಯ. ಖಾನಾಪುರ, ಬೆಳಗಾವಿಯಲ್ಲಿ ಸೈಟು ಕೊಂಡಿರೋ ಗೋವಾದವರಿಗೂ ಇದು ಮುಟ್ಟುತ್ತೆ, ಅವರಿಂದ ವಿಲ್ ಮೂಲಕ ಆಸ್ತಿ ಬಂದಿದೆ ಅನ್ನೋರ ಹತ್ರ ಕೊಳ್ಳೋ ನಮ್ಮವರಿಗೂ ಮುಟ್ಟುತ್ತೆ. ಅಂಥಾ ಕಡೆ ಬರೀ ವಿಲ್ ನೋಡಿ ದುಡ್ಡು ಕೊಡೋದು ಅಪಾಯ, ಉಳಿದ ಮಕ್ಕಳ ಕಾಗದವನ್ನೂ ಕೇಳಬೇಕು. ಹಾಗಂತ ವಾಸ್ಕೋದಲ್ಲಿ ಹತ್ತು ವರ್ಷ ಕೂಲಿ ಮಾಡಿದ ನಮ್ಮೂರಿನವನು ಅಷ್ಟಕ್ಕೇ ಗೋವಾ ಕಾಯ್ದೆಗೆ ಬಿದ್ದ ಅಂತ ಅಲ್ಲ. ದುಡಿಯೋಕೆ ಹೋಗೋದು ಬೇರೆ, ಅಲ್ಲೇ ಕಾಯಂ ಮನೆ ಅಂತ ನೆಲೆ ನಿಲ್ಲೋದು ಬೇರೆ.

ಬಾಡಿಗೆ, ಸ್ಟ್ಯಾಂಪು, ಸಣ್ಣಕ್ಷರದ ಕರಾರು

ಕೊಲ್ಹಾಪುರ, ಪುಣೆಯಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಕೊಟ್ಟಿರೋರು ನಮ್ಮ ಕಡೆ ಸಾಕಷ್ಟಿದ್ದಾರೆ. ಇಲ್ಲಿನ ರೂಢಿಯಂತೆ ಸ್ಟ್ಯಾಂಪ್ ಪೇಪರಿನಲ್ಲಿ 11 ತಿಂಗಳ ಕರಾರು ಬರೆದು, ಸಹಿ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗ್ತಾರೆ. ಆದ್ರೆ ಫ್ಲ್ಯಾಟಿಗೆ ನಡೆಯೋದು 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಅದರ ಕಲಂ 55 ಪ್ರಕಾರ ಕರಾರು ಎಷ್ಟೇ ತಿಂಗಳದ್ದಿರಲಿ, ನೋಂದಣಿ ಆಗಲೇಬೇಕು, ಮಾಡಿಸೋ ಹೊಣೆ ಮಾಲೀಕನದು. ಮಾಡಿಸದಿದ್ರೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಜ ಅಂತ ಕೋರ್ಟು ತಗೊಳ್ಳುತ್ತೆ, ಸುಳ್ಳು ಅಂತ ಸಾಬೀತು ಮಾಡೋದು ಮಾಲೀಕನ ಪಾಡು. ಮೇಲೆ 3 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ಸ್ಟ್ಯಾಂಪು ಶುಲ್ಕವೂ ರಾಜ್ಯದ್ದೇ. ಮಹಾರಾಷ್ಟ್ರದಲ್ಲಿ ಬರೆದ ಕಾಗದ ಕರ್ನಾಟಕದ ಆಸ್ತಿಗೋ ಕೆಲಸಕ್ಕೋ ಸಂಬಂಧಪಟ್ಟಿದ್ದು ಇಲ್ಲಿಗೆ ಬಂತು ಅಂದ್ರೆ, ಇಲ್ಲಿನ ದರ ಹೆಚ್ಚಿದ್ದಲ್ಲಿ ವ್ಯತ್ಯಾಸ ಕಟ್ಟಬೇಕು. 1957ರ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಕಲಂ 19. ಕಟ್ಟದಿದ್ರೆ ಕೋರ್ಟಿನಲ್ಲಿ ಆ ಕಾಗದ ಸಾಕ್ಷಿಯಾಗಿ ನಿಲ್ಲಲ್ಲ, ದಂಡ ಕಟ್ಟಿ ಸರಿಮಾಡಬೇಕು.

ಫೈನಾನ್ಸ್ ಕಂಪನಿ ಸಾಲದ ಕಾಗದದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ವ್ಯಾಜ್ಯ ಮುಂಬೈ ಕೋರ್ಟಿನಲ್ಲಿ ಮಾತ್ರ" ಅಂತಿರುತ್ತೆ. ಅದಕ್ಕೆ ಬೆಲೆ ಇದೆ, ಆದ್ರೆ ಅರ್ಧ ಬೆಲೆ. 1971ರಿಂದ ಸುಪ್ರೀಂ ಕೋರ್ಟು ಹೇಳ್ತಾ ಬಂದಿರೋದು ಇಷ್ಟು: ಎರಡು ಊರಿನ ಕೋರ್ಟಿಗೂ ಅಧಿಕಾರ ಇದ್ದಾಗ ಒಂದನ್ನ ಆರಿಸಿಕೊಳ್ಳಬಹುದು, ಅಧಿಕಾರವೇ ಇಲ್ಲದ ಊರಿಗೆ ಕರಾರಿನಿಂದ ಅಧಿಕಾರ ಕೊಡೋಕಾಗಲ್ಲ. ಗ್ರಾಹಕರಾಗಿ ದೂರು ಕೊಡೋದಾದ್ರೆ ಇನ್ನೂ ಸಲೀಸು. 2019ರ ಗ್ರಾಹಕ ರಕ್ಷಣಾ ಕಾಯ್ದೆ ಕಲಂ 34ರಂತೆ ನೀವು ವಾಸ ಇರೋ ಜಿಲ್ಲೆಯ ಆಯೋಗಕ್ಕೇ ಹೋಗಬಹುದು. ಪುಣೆ ಹೆದ್ದಾರಿಯಲ್ಲಿ ಅಪಘಾತ ಆದ್ರೂ ಹಾಗೇ, ಅಪಘಾತ ಆದ ಊರು, ನೀವಿರೋ ಊರು, ಎದುರಿನವರು ಇರೋ ಊರು, ಮೂರರಲ್ಲಿ ಎಲ್ಲಿ ಬೇಕಾದ್ರೂ ಪರಿಹಾರದ ಅರ್ಜಿ ಹಾಕಬಹುದು.

ಬೆಂಗಳೂರಿನ ಪತ್ರಿಕೆ, ಬೊಂಬಾಯಿಯ ತೆರಿಗೆ

ಒಂದು ರಾಜ್ಯದ ಕಾಯ್ದೆ ಗಡಿ ದಾಟಿ ಇನ್ನೊಂದು ರಾಜ್ಯದವರನ್ನ ಹಿಡೀಬಹುದಾ? ಸಂವಿಧಾನದ 245ನೇ ವಿಧಿ ಪ್ರಕಾರ ರಾಜ್ಯ ಕಾಯ್ದೆ ಮಾಡೋದು ತನ್ನ ನೆಲಕ್ಕೆ ಮಾತ್ರ. ಆದ್ರೆ ನೆಲದ ನಂಟು ಎಷ್ಟಿದ್ರೆ ಸಾಕು ಅನ್ನೋದಕ್ಕೆ ಇವತ್ತಿಗೂ ವಕೀಲರು ಎತ್ತೋ ಕೇಸು ನಮ್ಮ ಬೆಂಗಳೂರಿನದು. 'ಸ್ಪೋರ್ಟಿಂಗ್ ಸ್ಟಾರ್' ಅನ್ನೋ ಪತ್ರಿಕೆ ಬೆಂಗಳೂರಿನಲ್ಲಿ ಅಚ್ಚಾಗ್ತಿತ್ತು, ಅದರಲ್ಲಿ ಆರ್‌ಎಂಡಿಸಿ ಪದಬಂಧ ಸ್ಪರ್ಧೆ, ಬಹುಮಾನ ದೊಡ್ಡದು. ಬೊಂಬಾಯಿ ರಾಜ್ಯ ಇದಕ್ಕೆ ತೆರಿಗೆ ಹಾಕಿತು. ನಾವು ಮೈಸೂರು ರಾಜ್ಯದವರು, ನಮಗೇಕೆ ನಿಮ್ಮ ತೆರಿಗೆ ಅಂದ್ರು ಸ್ಪರ್ಧೆಯವರು. 1957ರಲ್ಲಿ ಸುಪ್ರೀಂ ಕೋರ್ಟು ಬೊಂಬಾಯಿ ಪರ ತೀರ್ಪು ಕೊಟ್ಟಿತು. ಪತ್ರಿಕೆ ಬೊಂಬಾಯಿಯಲ್ಲಿ ಜೋರಾಗಿ ಮಾರಾಟ ಆಗುತ್ತೆ, ಅಲ್ಲಿನ ಜನ ಅಲ್ಲೇ ಕೂತು ಪದಬಂಧ ತುಂಬಿ ಫೀಸು ಕಟ್ತಾರೆ, ಫಾರ್ಮು ಕೂಡಿಸೋ ಡಿಪೋ ಅಲ್ಲೇ ಇದೆ. ಇಷ್ಟು ನಂಟು ಸಾಕು. ನಂಟು ನಿಜವಾಗಿರಬೇಕು, ಹಾಕೋ ಹೊಣೆಗೂ ಆ ನಂಟಿಗೂ ಸಂಬಂಧ ಇರಬೇಕು, ಇಷ್ಟೇ ಪರೀಕ್ಷೆ.

ನಮ್ಮ ಜಿಲ್ಲೆಯ ಠೇವುದಾರರಿಗೆ ತಟ್ಟೋ ವಿಷಯ ಇದರ ಪಕ್ಕದಲ್ಲೇ ಇದೆ. ಬರೀ ಕರ್ನಾಟಕದಲ್ಲಿ ಕೆಲಸ ಮಾಡೋ ಪತ್ತಿನ ಸಂಘ 1959ರ ಸಹಕಾರ ಸಂಘಗಳ ಕಾಯ್ದೆಗೋ 1997ರ ಸೌಹಾರ್ದ ಕಾಯ್ದೆಗೋ ಬರುತ್ತೆ, ದೂರು ರಾಜ್ಯದ ಸಹಕಾರ ಇಲಾಖೆಗೆ. ಬೋರ್ಡಿನಲ್ಲಿ 'ಮಲ್ಟಿ ಸ್ಟೇಟ್' ಅಂತಿದ್ರೆ ಅದು ಕೇಂದ್ರದ 2002ರ ಕಾಯ್ದೆ, ರಿಜಿಸ್ಟ್ರಾರ್ ದೆಹಲಿಯಲ್ಲಿ. ಅಂಥಾ ಸಂಘದ ಮೇಲೆ ಇಲ್ಲಿನ ಸಹಕಾರ ಇಲಾಖೆ ಕಚೇರಿಗೆ ಎಷ್ಟು ಸಲ ಅಲೆದ್ರೂ "ನಮ್ಮ ಕೈಯಲ್ಲಿಲ್ಲ" ಅನ್ನೋ ಉತ್ತರ ಬರೋದು ಅದಕ್ಕೇ. 2023ರ ತಿದ್ದುಪಡಿ ಆದಮೇಲೆ ಠೇವಿನ ದೂರು ಕೇಳೋಕೆ ಕೇಂದ್ರದಲ್ಲಿ ಸಹಕಾರ ಓಂಬುಡ್ಸ್‌ಮನ್ ಹುದ್ದೆ ಬಂದಿದೆ. ದುಡ್ಡು ಇಡೋ ಮುಂಚೆ ಪಾಸ್‌ಬುಕ್ಕಿನ ಮೇಲೆ ಯಾವ ಕಾಯ್ದೆಯ ನೋಂದಣಿ ಅಂತ ಬರೆದಿದೆ ನೋಡಿ.

ತಪ್ಪು ಕೋರ್ಟಿಗೆ ಹೋಗಿದ್ರೆ

ದಾವೆ ಹಾಕಿದ್ದು ತಪ್ಪು ಕೋರ್ಟು ಅಂತಾದ್ರೆ ದಾವೆ ವಜಾ ಆಗಲ್ಲ, ಸರಿಯಾದ ಕೋರ್ಟಿಗೆ ಹಾಕಿ ಅಂತ ಪತ್ರ ವಾಪಸ್ ಕೊಡ್ತಾರೆ. ಪ್ರಾಮಾಣಿಕವಾಗಿ ನಡೆಸಿದ್ರೆ ಅಲ್ಲಿ ಹೋದ ಕಾಲವನ್ನ ಕಾಲಮಿತಿ ಕಾಯ್ದೆಯ ಕಲಂ 14ರಡಿ ಬಿಟ್ಟು ಲೆಕ್ಕ ಹಾಕ್ತಾರೆ. ಆದ್ರೆ ಹೊಸ ಕೋರ್ಟಿನಲ್ಲಿ ಕೇಸು ನಿಂತಲ್ಲಿಂದ ಮುಂದೆ ಹೋಗಲ್ಲ, ಮೊದಲಿಂದ ಶುರು. 2020ರಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಇದನ್ನೇ ಹೇಳಿದೆ. ಸಾಕ್ಷಿ ಹೇಳಿದ ಅಜ್ಜ ಅಷ್ಟರಲ್ಲಿ ತೀರಿಕೊಂಡಿರಬಹುದು. ಸ್ಥಿರಾಸ್ತಿ ಬಿಟ್ಟು ಬೇರೆ ದಾವೆಗಳಲ್ಲಿ ನಿಮ್ಮ ಮೇಲೆ ಯಾರಾದ್ರೂ ದೂರದ ಕೋರ್ಟಿನಲ್ಲಿ ಕೇಸು ಹಾಕಿದ್ರೆ, ತಕರಾರನ್ನ ಶುರುವಿನಲ್ಲೇ, ವಿವಾದಾಂಶ ಬರೆಯೋಕೆ ಮುಂಚೆ ಎತ್ತಬೇಕು. ಆಮೇಲೆ ಅಪೀಲಿನಲ್ಲಿ ಎತ್ತಿದ್ರೆ ಸಾಮಾನ್ಯವಾಗಿ ಕೇಳಲ್ಲ.

ಆಚೆ ಕೋರ್ಟಿನ ಡಿಕ್ರಿ ಈಚೆ ನಡೆಯಲ್ಲ ಅಂತ ಕೂತಿರೋರಿಗೆ ಒಂದು ಮಾತು: ಸಂವಿಧಾನದ 261ನೇ ವಿಧಿ ಪ್ರಕಾರ ಯಾವ ರಾಜ್ಯದ ಸಿವಿಲ್ ಕೋರ್ಟಿನ ಅಂತಿಮ ತೀರ್ಪನ್ನಾದ್ರೂ ದೇಶದ ಎಲ್ಲಿ ಬೇಕಾದ್ರೂ ಜಾರಿ ಮಾಡಿಸಬಹುದು. ಸಾಂಗಲಿಯ ಡಿಕ್ರಿ ಅಥಣಿಗೆ ವರ್ಗ ಆಗಿ ಬರುತ್ತೆ.

ವಕೀಲರ ಹತ್ರ ಹೋಗೋವಾಗ ಈ ಕಡೆಯ ಉತಾರ, ಆ ಕಡೆಯ ಸಾತ್ ಬಾರಾ, ಎರಡೂ ಕಡೆಯ ಹಳೇ ಫೇರ್‌ಫಾರ್ ನಕಲು, ವಂಶಾವಳಿ, ಹಳೇ ವಾಟ್ನಿ ಪತ್ರ ಇದ್ರೆ ಅದು, ಹೆಣ್ಣುಮಕ್ಕಳ ಲಗ್ನಪತ್ರಿಕೆ ತಗೊಂಡು ಹೋಗಿ. ಫೀಸು ಕೊಡೋ ಶಕ್ತಿ ಇಲ್ಲದವರು ಬೆಳಗಾವಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ರೂ ಅಲ್ಲಿ ವಕೀಲರು ಉಚಿತ. ದಾವೆ ಆಚೆ ಹಾಕಬೇಕಾದ್ರೆ ಕೊಲ್ಹಾಪುರ, ಸಾಂಗಲಿಯಲ್ಲೂ ಅದೇ ಪ್ರಾಧಿಕಾರ ಇದೆ, 1987ರ ಅದೇ ಕೇಂದ್ರ ಕಾಯ್ದೆ, ಕರ್ನಾಟಕದವರು ಅಂತ ತಡೆಯೋ ಹಾಗಿಲ್ಲ.